ಅಪ್ಪನ ಇಂಕ್ ಪೆನ್ನಿಗೆ ಹೊಸ ಬ್ಯಾರೆಲ್ಲು

ಪೆನ್ನು ಮುರಿದಿದ್ದು ನನ್ನ ಕೈಯಲ್ಲೇ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮನೇಲಿ ಹಳೇ ಪೆನ್ನು ಇಟ್ಕೊಂಡಿರೋರು ಇದೇ ತಪ್ಪು ಮಾಡೋದು ಬೇಡ.

ಅಪ್ಪ ಹೋಗಿ ಮೂರು ವರ್ಷ ಆಯ್ತು. ಈ ಬೇಸಿಗೇಲಿ ಊರಲ್ಲಿ, ಅಂದ್ರೆ ತೀರ್ಥಹಳ್ಳಿ ಹತ್ರದ ಮನೇಲಿ, ಹೆಂಚು ಕೈಯಾಡಿಸ್ಬೇಕು ಅಂತ ಅಟ್ಟ ಖಾಲಿ ಮಾಡ್ತಿದ್ವಿ, ಅಪ್ಪನ ಟ್ರಂಕು ಕೆಳಗಿಳಿಸಿದಾಗ ಒಳಗೆ ಕಿರ್ದಿ ಪುಸ್ತಕದ ಒಂದು ಕಟ್ಟು, ಒಂದು ಕನ್ನಡಕ, ಮತ್ತೆ ಹಳೇ ಪಂಚೆ ತುಂಡಲ್ಲಿ ಸುತ್ತಿಟ್ಟ ಪೆನ್ನು. ಅಪ್ಪ ಶಿವಮೊಗ್ಗದ ಒಂದು ಅಡಿಕೆ ಮಂಡೀಲಿ 32 ವರ್ಷ ಲೆಕ್ಕ ಬರೆದವರು. ನಾನು ಚಿಕ್ಕೋನಿದ್ದಾಗ ಶರ್ಟಿನ ಜೇಬಲ್ಲಿ ಆ ಪೆನ್ನು ಇಲ್ಲದ ಅಪ್ಪನ್ನ ನೋಡಿದ ನೆನಪೇ ಇಲ್ಲ. ಎಸ್ಸೆಲ್ಸಿ ಪಾಸಾದಾಗ ಅಜ್ಜ ಕೊಡಿಸಿದ್ದಂತೆ. ಕಂಪನಿ ಹೆಸರು ಸವೆದುಹೋಗಿದೆ, ಭೂತಗನ್ನಡಿ ಇಟ್ಟು ನೋಡಿದ್ರೂ ಕೊನೇಲಿ ‘ಇಂಡಿಯಾ’ ಅನ್ನೋದೊಂದು ಮಾತ್ರ ಓದೋಕಾಗತ್ತೆ.

ಇದು ಫಿಲ್ಲರಲ್ಲಿ ಇಂಕು ತುಂಬೋ ತರದ್ದು, ಒಳಗೆ ರಬ್ಬರ್ ಚೀಲ ಇಲ್ಲ, ಪಿಸ್ಟನ್ ಇಲ್ಲ, ಬ್ಯಾರೆಲ್ಲೇ ಇಂಕಿನ ಟ್ಯಾಂಕು. ಹಾಗಾಗಿ ಕೆಡೋಕೆ ಏನೂ ಇಲ್ಲ ಅಂದ್ಕೊಂಡೆ. ಆದ್ರೆ ಅಪ್ಪ ಕೊನೇ ಸಲ ತುಂಬಿಸಿದ ಇಂಕು ಒಳಗೇ ಒಣಗಿ ಥ್ರೆಡ್ಡಲ್ಲಿ ಗೋಂದಿನ ತರ ಹಿಡ್ಕೊಂಡಿತ್ತು, ಕೈಯಲ್ಲಿ ಎಷ್ಟು ತಿರುಗಿಸಿದ್ರೂ ಬಿಡ್ಲಿಲ್ಲ. ಒಂದು ಲೋಟ ಬಿಸಿನೀರಲ್ಲಿ ಇಳಿಬಿಟ್ಟೆ, ಅದು ಮೊದಲನೇ ತಪ್ಪು. ಆಮೇಲೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಇಕ್ಕಳದಲ್ಲಿ ಹಿಡಿದೆ, ಅದು ಎರಡನೇದು. ಅಮ್ಮ ಅಡುಗೆಮನೆಯಿಂದ “ಎಂತ ಮಾರಾಯ, ಅದನ್ನ ಇಕ್ಕಳದಲ್ಲಿ ಹಿಡೀತಿಯಲ್ಲ” ಅಂತ ಹೇಳಿ ಮುಗಿಸೋ ಮೊದಲೇ ಟಕ್ ಅಂತ ಸದ್ದು. ಬ್ಯಾರೆಲ್ಲಿನ ಬಾಯಿ ಹತ್ರ ಥ್ರೆಡ್ ಸುತ್ತ ಅರ್ಧ ಉಂಗುರದಷ್ಟು ಬಿರುಕು, ಅಲ್ಲಿಂದ ಉದ್ದಕ್ಕೆ ಇನ್ನೊಂದು. ಅವತ್ತು ರಾತ್ರಿ ನಂಗೆ ಊಟ ಸೇರ್ಲಿಲ್ಲ.

ಬಿಸಿನೀರು ಯಾಕೆ ತಪ್ಪು ಅಂದ್ರೆ ಇದು ಪ್ಲಾಸ್ಟಿಕ್ ಅಲ್ಲ, ಎಬೊನೈಟು. ರಬ್ಬರಿಗೆ ಗಂಧಕ ಹಾಕಿ ಬೇಯಿಸಿದ ಗಟ್ಟಿ ರಬ್ಬರು. ಮೆತ್ತನೆ ರಬ್ಬರಿಗೆ ನೂರು ಪಾಲಿಗೆ ಎರಡು ಮೂರು ಪಾಲು ಗಂಧಕ ಸಾಕು, ಇದಕ್ಕೆ 30ರ ಆಸುಪಾಸು ಹೋಗತ್ತೆ, ಆಗ ಅದು ಕೊಂಬಿನ ಹಾಗೆ ಗಟ್ಟಿಯಾಗತ್ತೆ. ಅಮೆರಿಕದಲ್ಲಿ 1851ರಲ್ಲೇ ಇದಕ್ಕೆ ಪೇಟೆಂಟ್ ಆಗಿದೆ. ಮುಂಚೆ ಬಾಚಣಿಗೆ, ಲಾರಿ ಬ್ಯಾಟರಿಯ ಪೆಟ್ಟಿಗೆ ಎಲ್ಲ ಇದರಲ್ಲೇ ಬರ್ತಿತ್ತು. ಬಿಸಿಲಿಗೂ ತೇವಕ್ಕೂ ವರ್ಷಗಟ್ಟಲೆ ಒಡ್ಡಿದ್ರೆ ಮೇಲ್ಮೈಲಿರೋ ಗಂಧಕ ಕೆಟ್ಟು ಕಪ್ಪು ಹೋಗಿ ಕಂದು ಆಗತ್ತೆ, ಹಾಗೆ ಹಳತಾಗಿರೋದನ್ನ ಬಿಸಿನೀರಿಗೆ ಹಾಕಿದ್ರಂತೂ ಕಣ್ಣೆದುರಿಗೇ ಪಾಚಿ ಬಣ್ಣಕ್ಕೆ ತಿರುಗತ್ತೆ. ನಂದೂ ತಿರುಗಿತು. ಕ್ಯಾಪಿನ ಒಳಗೆ ಮುಚ್ಕೊಂಡಿದ್ದ ಭಾಗ ಮಾತ್ರ ಇನ್ನೂ ಕಾಡಿಗೆ ಕಪ್ಪು. ಸರಿಯಾದ ದಾರಿ ಅಂದ್ರೆ ತಣ್ಣೀರಿಗೆ ಹತ್ತು ಪಾಲಿಗೊಂದು ಪಾಲು ಅಮೋನಿಯಾ, ಒಂದು ತೊಟ್ಟು ಪಾತ್ರೆ ಸೋಪು ಹಾಕಿ, ನಿಬ್ಬಿನ ಕಡೆಯಿಂದ ಸಿರಿಂಜಲ್ಲಿ ಸ್ವಲ್ಪ ಸ್ವಲ್ಪ ಬಿಡ್ತಾ ಎರಡು ಮೂರು ದಿನ ಕಾಯೋದು. ಬೇಕಾದ್ರೆ ಹೇರ್ ಡ್ರೈಯರಲ್ಲಿ ಕೈಗೆ ಬೆಚ್ಚಗೆ ಅನ್ನಿಸೋವಷ್ಟು ಕಾಯಿಸಿ ಬರೀ ಕೈಯಲ್ಲಿ ತಿರುಗಿಸೋದು. ಇಕ್ಕಳ ಬೇಡವೇ ಬೇಡ.

ಅಂಟಿಸೋಕೆ ನೋಡಿದೆ. ಸೆಲ್ಯುಲಾಯ್ಡ್, ಅಕ್ರಿಲಿಕ್ ಆದ್ರೆ ಕರಗಿಸೋ ದ್ರಾವಕ ಬಿಟ್ಟು ಎರಡು ಅಂಚನ್ನ ಒಂದು ಮಾಡ್ಬಹುದು, ಎಬೊನೈಟನ್ನ ಹಾಗೆ ಕರಗಿಸೋಕಾಗಲ್ಲ, ಸೂಪರ್ ಗ್ಲೂ ಬರೀ ಮಧ್ಯದಲ್ಲಿ ಪದರದ ಹಾಗೆ ಕೂರತ್ತೆ. ಎರಡು ಸಲ ಅಂಟಿಸಿದೆ, ಎರಡೂ ಸಲ ನಿಬ್ಬಿನ ಕತ್ತನ್ನ, ಅಂದ್ರೆ ಬರೆಯುವಾಗ ಬೆರಳಲ್ಲಿ ಹಿಡಿಯೋ ಭಾಗಾನ, ತಿರುಗಿಸಿ ಕೂರಿಸುವಾಗ ಬಿಟ್ಕೊಂತು. ಯಾಕೆ ಅಂತ ವರ್ನಿಯರ್ ಇಟ್ಟು ಅಳೆದಾಗ ಗೊತ್ತಾಯ್ತು: ಅದೇ ಜಾಗದಲ್ಲಿ ಒಳಗೆ ಕತ್ತಿನ ಥ್ರೆಡ್ಡು, ಹೊರಗೆ ಕ್ಯಾಪಿನ ಥ್ರೆಡ್ಡು, ಎರಡರ ಮಧ್ಯೆ ಉಳಿದಿರೋ ಗೋಡೆ ಒಂದು ಮಿಲಿಮೀಟರೂ ಇಲ್ಲ. ಇಡೀ ಪೆನ್ನಲ್ಲಿ ಅತಿ ಬಡ ಜಾಗ ಅದು.

ಬೇರೆ ಪೆನ್ನು ತಗೋ ಅಂತ ಎಲ್ಲರೂ ಹೇಳಿದ್ರು. ತಗೊಂಡೆ ಕೂಡ. ರಾಜಮಂಡ್ರಿಯ ರತ್ನಂ ಪೆನ್ನು ಗೊತ್ತಲ್ಲ, ಸ್ವದೇಶಿ ಚಳವಳಿ ಕಾಲದಲ್ಲಿ, 1930ರ ದಶಕದಲ್ಲಿ ಶುರುವಾಗಿದ್ದು, ಗಾಂಧೀಜಿಗೂ ಒಂದು ಹೋಗಿತ್ತು. ಅಂಥದ್ದೇ ಕೈಯಲ್ಲಿ ಕಡೆದ ಒಂದು ಕಪ್ಪು ಎಬೊನೈಟ್ ಪೆನ್ನು ತರಿಸಿದೆ. ಒಳ್ಳೇ ಪೆನ್ನು, ಚೆನ್ನಾಗಿ ಬರೆಯತ್ತೆ, ಅದರ ಮೇಲೆ ನಂದೇನೂ ದೂರಿಲ್ಲ. ಒಂದು ವಾರ ಅದರಲ್ಲೇ ಬರೆದೆ. ಆಮೇಲೆ ಒಂದಿನ ಅಪ್ಪನ ಪೆನ್ನಿನ ನಿಬ್ಬನ್ನ, ಗಾಂಧಿಬಜಾರಲ್ಲಿ ಚಿನ್ನಬೆಳ್ಳಿ ಕೆಲಸ ಮಾಡೋ ಪರಿಚಯದ ಆಚಾರ್ರ ಹತ್ರ ಇದ್ದ ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಭೂತಗನ್ನಡೀಲಿ ನೋಡಿದೆ. ನಿಬ್ಬಿನ ತುದೀಲಿ ಒಂದು ಸಣ್ಣ ಗಟ್ಟಿ ಲೋಹದ ಗುಂಡು ಇರತ್ತೆ, ಇರಿಡಿಯಂ ಅಂತ ಕರೀತಾರೆ. ಹೊಸದ್ರಲ್ಲಿ ಅದು ಸಾಸಿವೆ ಕಾಳಿನ ಹಾಗೆ ದುಂಡಗಿರತ್ತೆ. ಇದರಲ್ಲಿ ದುಂಡಗಿಲ್ಲ. ಎಡಗಡೆ ಅಡಿಗೆ ಓರೆಯಾಗಿ ಒಂದು ಮಟ್ಟಸ ಸವೆದಿದೆ, ಮಚ್ಚು ಮಸೆದ ಕಲ್ಲಿನಷ್ಟು ನುಣುಪು, ಬೆಳಕಿಗೆ ಹಿಡಿದ್ರೆ ಅಷ್ಟು ಮಾತ್ರ ಕನ್ನಡಿ ತರ ಹೊಳೆಯತ್ತೆ. ಅಪ್ಪ ಪೆನ್ನನ್ನ ಸ್ವಲ್ಪ ಎಡಕ್ಕೆ ಹೊರಳಿಸಿ ಹಿಡೀತಿದ್ರು, 32 ವರ್ಷದ ಲೆಕ್ಕದಲ್ಲಿ ಕಾಗದ ಆ ಗುಂಡನ್ನ ಅವರ ಕೈಗೆ ತಕ್ಕ ಹಾಗೆ ಮಸೆದಿದೆ. ಕತ್ತಿನ ಮೇಲೂ ಅವರ ಹೆಬ್ಬೆರಳು ಕೂರೋ ಜಾಗ ಒಂಚೂರು ತಗ್ಗಾಗಿದೆ. ಬ್ಯಾರೆಲ್ಲು ಬರೀ ಇಂಕಿನ ಡಬ್ಬಿ, ಅಪ್ಪನ ಕೈ ಇರೋದು ನಿಬ್ಬಲ್ಲಿ ಮತ್ತೆ ಕತ್ತಲ್ಲಿ. ಹಂಗಾಗಿ ನಿಬ್ಬು, ಅದರ ಅಡಿಗೆ ಕೂತು ಇಂಕು ತರೋ ನಾಲಿಗೆ, ಕತ್ತು, ಕ್ಯಾಪು ಅವರದ್ದೇ ಇರ್ಲಿ, ಬ್ಯಾರೆಲ್ ಒಂದು ಹೊಸದು ಮಾಡಿಸೋಣ ಅಂತ ತೀರ್ಮಾನ ಮಾಡ್ದೆ.

ಮರದಲ್ಲಿ ಮಾಡ್ಸಿದ್ರೆ ಹೇಗೆ ಅನ್ನೋ ಯೋಚನೇನೂ ಬಂದಿತ್ತು, ಸಾಗರದ ಗುಡಿಗಾರರು ಹತ್ರದಲ್ಲೇ ಇದ್ದಾರಲ್ಲ, ಆದ್ರೆ ಮರ ಇಂಕು ಕುಡಿಯತ್ತೆ, ಮಳೆಗಾಲಕ್ಕೆ ಉಬ್ಬತ್ತೆ, ಥ್ರೆಡ್ ನಿಲ್ಲಲ್ಲ. ಎಬೊನೈಟ್ ಕಡ್ಡಿ ಆನ್‌ಲೈನಲ್ಲಿ ಸಿಕ್ತು, 16 ಮಿಮೀ ದಪ್ಪದ್ದು, ಎರಡು ತುಂಡು ತರಿಸಿದೆ. ಎರಡು ತರಿಸಿದ್ದು ಒಳ್ಳೇದಾಯ್ತು.

ಲೇತ್ ಮೇಸ್ತ್ರಿ ಶಿವಮೊಗ್ಗದವರೇ, ಅಡಿಕೆ ಸುಲಿಯೋ ಮಷಿನ್ ಶಾಫ್ಟು, ಪಂಪಿನ ಬುಷ್ಷು ಕಡೆಯೋರು. ಮೊದಲು “ಸಾರ್ ನಾವು ಕಬ್ಬಿಣದೋರು, ಇದೆಲ್ಲ ಆಗಲ್ಲ” ಅಂದ್ರು. ಪೆನ್ನನ್ನ ಕೈಗೆ ಕೊಟ್ಟೆ. ಕ್ಯಾಪು ಹಾಕಿ ತೆಗೆದು, ಹಾಕಿ ತೆಗೆದು ನೋಡಿದ್ರು. “ಇದು ಮೂರು ಬಾಯಿ ಥ್ರೆಡ್ಡು ಸಾರ್” ಅಂದ್ರು. ಅಷ್ಟು ಹೇಳಿದ ಮೇಲೆ ಅವರಿಗೇ ಬಿಡೋಕೆ ಮನಸ್ಸು ಬರ್ಲಿಲ್ಲ ಅಂತ ನಂಗನ್ಸತ್ತೆ, ಭಾನುವಾರ ಬನ್ನಿ ಅಂದ್ರು.

ಮೂರು ಬಾಯಿ ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬೇಕು, ನಂಗೆ ಈ ಕೆಲಸದಲ್ಲಿ ಬಹಳ ಇಷ್ಟ ಆಗಿದ್ದು ಅದೇ. ಪಕ್ಕಪಕ್ಕದ ಎರಡು ಏಣಿನ ಮಧ್ಯೆ 1 ಮಿಮೀ ಇದೆ. ಸಾಮಾನ್ಯ ಬೋಲ್ಟಾದ್ರೆ ಒಂದು ಸುತ್ತಿಗೆ 1 ಮಿಮೀ ಮುಂದೆ ಹೋಗ್ಬೇಕು. ಕ್ಯಾಪಿಗೊಂದು ಚಾಕ್‌ಪೀಸ್ ಗುರುತು ಹಾಕಿ ಒಂದು ಪೂರ್ತಿ ಸುತ್ತು ಹಾಕಿ ಅಳೆದ್ರೆ 3 ಮಿಮೀ ಹೋಯ್ತು. ಅಂದ್ರೆ ಒಂದೇ ಥ್ರೆಡ್ಡಲ್ಲ, ಮೂರು ಥ್ರೆಡ್ಡು ಜಡೆ ಹೆಣೆದ ಹಾಗೆ ಜೊತೆಗೆ ಸುತ್ಕೊಂಡು ಹೋಗಿವೆ. ಅದಕ್ಕೇ ಕ್ಯಾಪು ಸುತ್ತೂಕಾಲಲ್ಲಿ ಬಿಚ್ಚತ್ತೆ, ಇಲ್ದಿದ್ರೆ ನಾಲ್ಕು ಸುತ್ತು ತಿರುಗಿಸ್ತಾ ಕೂರ್ಬೇಕಿತ್ತು. ಗಿರಾಕಿ ಎದುರಿಗೆ ನಿಂತಿರುವಾಗ ರಶೀದಿ ಬರೆಯೋ ಗುಮಾಸ್ತನಿಗೆ ಅದು ಎಷ್ಟು ಬೇಕಾಗಿತ್ತು ಅಂತ ಈಗ ಅರ್ಥ ಆಗತ್ತೆ.

ಮೊದಲನೇ ಕಡ್ಡಿ ಕೆಟ್ಟಿತು. ಹೊರಗೆ 13 ಮಿಮೀಗೆ ಇಳಿಸಿದ್ದು ಚೆನ್ನಾಗೇ ಬಂತು, ಉಳಿಯಿಂದ ಕಪ್ಪು ರಿಬ್ಬನ್ ತರ ಉದ್ದುದ್ದ ಸುರುಳಿ ಏಳ್ತಿತ್ತು, ಅಂಗಡಿ ತುಂಬ ಪಟಾಕಿ ಹೊಡೆದ ಮಾರನೇ ದಿನದ ಗಂಧಕದ ವಾಸನೆ. ಆದ್ರೆ ತೂತು ಕೊರೆಯುವಾಗ ಕಬ್ಬಿಣದ ಅಭ್ಯಾಸದಲ್ಲಿ 8 ಮಿಮೀ ಡ್ರಿಲ್ ಬಿಟ್ಟನ್ನ ಒಂದೇ ಸಲ ಒತ್ತಿದ್ರು. ಎಬೊನೈಟು ಶಾಖ ಹೊರಗೆ ಬಿಡಲ್ಲ, ಎಲ್ಲ ಬಿಸಿ ತೂತಲ್ಲೇ ಉಳಿಯತ್ತೆ, ಪುಡಿ ಮೆತ್ತಗಾಗಿ ಬಿಟ್ಟನ್ನ ಕಚ್ಚಿಕೊಂತು, ಕಡ್ಡಿ ಉದ್ದಕ್ಕೆ ಸೀಳಿತು. ಎರಡನೇದಕ್ಕೆ ಮೊದಲು 4, ಆಮೇಲೆ 6, ಆಮೇಲೆ 8.2 ಹಾಕಿದ್ರು, ನಿಧಾನ ಸ್ಪೀಡು, ಐದು ಮಿಮೀಗೊಂದು ಸಲ ಬಿಟ್ ಹೊರಗೆ ತೆಗೆದು ಪುಡಿ ಊದಿ ತಣಿಯೋಕೆ ಬಿಟ್ಟು ಮತ್ತೆ ಒಳಗೆ. 60 ಮಿಮೀ ಆಳ ಹೋಗೋಕೆ ಮುಕ್ಕಾಲು ಗಂಟೆ ಹಿಡೀತು. ಆ ಪುಡಿ ಮೂಗಿಗೆ ಹೋಗ್ಬಾರ್ದು, ಮಾಸ್ಕ್ ಹಾಕ್ಕೊಂಡೇ ನಿಂತಿದ್ವಿ.

ಒಳಗಿನ ಥ್ರೆಡ್ಡು ಒಂದೇ ಬಾಯಿ, 9 ಮಿಮೀ, ಪಿಚ್ಚು, ಅಂದ್ರೆ ಏಣಿಂದ ಏಣಿಗೆ ಇರೋ ದೂರ, ಮುಕ್ಕಾಲು ಮಿಮೀ. ತೂತಿನೊಳಗೆ ಥ್ರೆಡ್ ಕೆತ್ತೋ ಟ್ಯಾಪು ಆ ಅಳತೇದು ಊರಲ್ಲೆಲ್ಲೂ ಸಿಗ್ಲಿಲ್ಲ. ಮೇಸ್ತ್ರಿ ಒಂದು ಮುರಿದ ಡ್ರಿಲ್ ಬಿಟ್ಟನ್ನೇ ಮಸೆದು ಸಣ್ಣ ಉಳಿ ಮಾಡ್ಕೊಂಡ್ರು. ಅಪ್ಪನ ಕತ್ತನ್ನ ಪದೇ ಪದೇ ತಿರುಗಿಸಿ ಅಳತೆ ನೋಡಿದ್ರೆ ಅದೂ ಎಲ್ಲಿ ಮುರಿಯುತ್ತೋ ಅಂತ ನಂಗೆ ಭಯ. ಅದನ್ನ ಬಾಯಿಬಿಟ್ಟು ಹೇಳ್ಲೂ ಇಲ್ಲ, ಅವರೇ ಒಂದು ಹಿತ್ತಾಳೆ ತುಂಡಿಗೆ ಅದೇ ಥ್ರೆಡ್ ಹಾಕಿ, ಅದನ್ನ ಅಳತೆಗಿಟ್ಕೊಂಡು ಒಳಗಿನದ್ದು ಕೆತ್ತಿದ್ರು. ಹಿತ್ತಾಳೆ ಸಲೀಸಾಗಿ ಕೂತ ಮೇಲೇ ಅಪ್ಪನ ಕತ್ತು ಮುಟ್ಟಿದ್ದು.

ಹೊರಗಿನ ಮೂರು ಬಾಯಿಗೆ ಲೇತಿನ ಗೇರು 3 ಮಿಮೀಗೆ ಹಾಕಿ, ಉಳಿ ಇರೋ ಮೇಲಿನ ಸ್ಲೈಡನ್ನ ಕಡ್ಡಿಗೆ ನೇರಕ್ಕೆ ನಿಲ್ಲಿಸಿ, ಒಂದು ಥ್ರೆಡ್ ಪೂರ್ತಿ ಕೆತ್ತಿದ್ರು. ಆಮೇಲೆ ಸ್ಲೈಡನ್ನ ಸರಿಯಾಗಿ 1 ಮಿಮೀ ಮುಂದೆ ಸರಿಸಿ ಎರಡನೇದು. ಇನ್ನೊಂದು ಮಿಮೀ ಸರಿಸಿ ಮೂರನೇದು. ಇಷ್ಟನ್ನೂ ಕರೆಂಟ್ ಹಾಕದೆ ಮಾಡಿದ್ರು! ಐದು ಮಿಮೀ ಉದ್ದದ ಜಾಗದಲ್ಲಿ ಉಳಿ ಅಷ್ಟು ಬೇಗ ಓಡಿದ್ರೆ ನಿಲ್ಲಿಸೋಕಾಗಲ್ಲ ಅಂತ, ಒಂದು ಕೈಯಲ್ಲಿ ಕಡ್ಡಿ ಹಿಡಿದಿರೋ ಚಕ್ ತಿರುಗಿಸ್ತಾ, ಸಲಕ್ಕೊಂದು ಕೂದಲೆಳೆಯಷ್ಟು ಒಳಗೆ ಬಿಡ್ತಾ. ಕ್ಯಾಪು ಹಾಕಿ ತಿರುಗಿಸಿದ್ರೆ ಸುತ್ತೂಕಾಲಿಗೆ ಸರಿಯಾಗಿ ನಿಂತಿತು. ಮೇಸ್ತ್ರಿ ದುಡ್ಡು ತಗೊಳ್ಳೋಕೆ ಹಿಂದೆಮುಂದೆ ನೋಡಿದ್ರು, ಎರಡು ಭಾನುವಾರದ ಕೆಲಸ ಅದು, ಬಲವಂತ ಮಾಡಿ ಕೊಟ್ಟೆ.

ಪಾಲಿಶ್ ನಾನೇ ಊರಲ್ಲಿ ಕೂತು ಮಾಡಿದ್ದು. ವಾಟರ್ ಪೇಪರ್ 400ರಿಂದ ಶುರು ಮಾಡೋಕೆ ಹೊರಟಾಗ ಅಮ್ಮ “ನಿಮ್ಮಜ್ಜ ಸೌಟಿಗೆಲ್ಲ ಗರಗತ್ತಿ ಎಲೆ ಹಾಕಿ ಉಜ್ತಿದ್ರು, ಅದನ್ನ ನೋಡು” ಅಂದ್ರು. ಮನೆ ಹಿಂದೇನೇ ಮರ ಇದೆ, ಎಲೆ ಮುಟ್ಟಿದ್ರೆ ಬೆಕ್ಕಿನ ನಾಲಿಗೆ ತರ ಗರಗರ. ಒಣಗಿದ ಎಲೇಲಿ ಅರ್ಧ ಗಂಟೆ ಉಜ್ಜಿದ್ದಕ್ಕೆ ಉಳಿಯ ಗೆರೆಗಳು ನಿಜವಾಗ್ಲೂ ಹೋದವು. ಅದಾದ ಮೇಲೆ 800, 1200, 2000 ನೀರು ಹಾಕ್ಕೊಂಡು, ಕೊನೆಗೆ ಹಳೇ ಬನಿಯನ್ ಬಟ್ಟೇಲಿ ಮೆಟಲ್ ಪಾಲಿಶು. ಹೊಸ ಬ್ಯಾರೆಲ್ಲು ಕಡುಗಪ್ಪು, ಕ್ಯಾಪು ಕಾಫಿ ಕಷಾಯದ ಬಣ್ಣ. ಎರಡೂ ಒಂದೇ ಬಣ್ಣ ಆಗ್ಲಿ ಅಂತ ಕ್ಯಾಪಿನ ಮೇಲ್ಪದರ ಉಜ್ಜಿ ತೆಗೀಬಹುದು, ಆದ್ರೆ ಆ ‘ಇಂಡಿಯಾ’ ಅಕ್ಷರ ಹೋಗ್ಬಿಡತ್ತೆ. ಮುಟ್ಲಿಲ್ಲ.

ನಿಬ್ಬು, ನಾಲಿಗೆ ಹೊರಗೆ ತೆಗೀಬೇಕಿತ್ತು. ಮುಂದಿನಿಂದ ಎಳೆದ್ರೆ ನಿಬ್ಬಿನ ಭುಜ ಬಾಗತ್ತೆ. ಹಲಸಿನ ಹಲಗೆ ತುಂಡಿಗೆ ನಿಬ್ಬು ಇಳಿಯೋವಷ್ಟು ತೂತು ಹಾಕಿ, ಕತ್ತನ್ನ ಅದರ ಮೇಲೆ ತಲೆಕೆಳಗೆ ನಿಲ್ಲಿಸಿ, ಹಿಂದಿನಿಂದ ಒಂದು ಸಣ್ಣ ಹಿತ್ತಾಳೆ ಕಡ್ಡಿ ಇಟ್ಟು ಮೆತ್ತಗೆ ತಟ್ಟಿದೆ. ನಾಲ್ಕನೇ ಏಟಿಗೆ ಎರಡೂ ಜೊತೆಗೇ ಕೆಳಗೆ ಬಿದ್ದವು. ನಾಲಿಗೇಲಿ ಮಧ್ಯದ ಕಾಲುವೆ, ಅದರ ತಳದಲ್ಲಿ ಕೂದಲಿನಂಥ ಸೀಳು, ಸೀಳಿನಲ್ಲಿ ಇಂಕು ತಾನಾಗೇ ಹತ್ತಿ ಮುಂದೆ ಬರತ್ತೆ, ಖಾಲಿಯಾದ ಜಾಗಕ್ಕೆ ಗಾಳಿ ಕಾಲುವೇಲಿ ಹಿಂದಕ್ಕೆ ಹೋಗತ್ತೆ. ಈ ಕೊಡುಕೊಳ್ಳು ನಿಂತ್ರೆ ಪೆನ್ನು ನಿಂತ ಹಾಗೆ. ಆ ಸೀಳಲ್ಲಿ ಅಪ್ಪನ ಕಾಲದ ನೀಲಿ ಗಟ್ಟಿಯಾಗಿ ಕೂತಿತ್ತು. ಅಮೋನಿಯಾ ನೀರು, ಮೆತ್ತನೆ ಹಲ್ಲುಜ್ಜೋ ಬ್ರಷ್ಷು, ತೆಳು ಹಿತ್ತಾಳೆ ತಗಡಿನ ಅಂಚು, ಇಷ್ಟರಲ್ಲೇ ಒಂದು ಸಂಜೆ ಹೋಯ್ತು. ಬಟ್ಟಲಿನ ನೀರು ಮತ್ತೆ ಮತ್ತೆ ನೀಲಿಯಾಗ್ತಾನೇ ಇತ್ತು, ಚೆಲ್ಲೋಕೆ ಮನಸ್ಸು ಬರ್ತಿರ್ಲಿಲ್ಲ. ನಿಬ್ಬು ಸ್ಟೀಲಿನದು, ಚಿನ್ನದ ನೀರು ಅಂಚಲ್ಲಿ ಹೋಗಿದೆ, ಅಟ್ಟದ ತೇವಕ್ಕೆ ಬುಡದಲ್ಲಿ ತುಕ್ಕಿನ ಎರಡು ಚುಕ್ಕೆ. ಅವನ್ನ ಒರೆಸಿದೆ, ಆದ್ರೆ ತುದಿಯ ಗುಂಡಿಗೆ ಯಾವ ಪೇಪರೂ ಸೋಕಿಸ್ಲಿಲ್ಲ. ನಿಬ್ ಸರಿ ಮಾಡೋರು ಕೆಲವರು ಆ ತುದೀನ ಮಸೆದು ದುಂಡು ಮಾಡ್ತಾರೆ. ದಯವಿಟ್ಟು ಅಪ್ಪ ಅಮ್ಮ ಬರೆದ ನಿಬ್ಬಿಗೆ ಹಾಗೆ ಮಾಡಿಸ್ಬೇಡಿ.

ವಾಪಸ್ ಕೂರಿಸುವಾಗ ನಿಬ್ಬಿಗೂ ನಾಲಿಗೆಗೂ ಮಧ್ಯೆ ಬೆಳಕು ಕಾಣ್ತಿತ್ತು. ಅಷ್ಟು ಸಂದಿ ಇದ್ರೆ ಇಂಕು ಬರಲ್ಲ. ಇಲ್ಲಿ ಮಾತ್ರ ಬಿಸಿನೀರು ಬೇಕು: ನಾಲಿಗೆ ಇರೋ ತುದೀನ ಮಾತ್ರ ಕುದಿ ಬರೋಕೆ ಮುಂಚಿನ ನೀರಲ್ಲಿ ಅರ್ಧ ನಿಮಿಷ ಹಿಡಿದು, ಎಬೊನೈಟು ಮೆತ್ತಗಾದಾಗ ಹೆಬ್ಬೆರಳಲ್ಲಿ ನಾಲಿಗೇನ ನಿಬ್ಬಿನ ಕಡೆಗೆ ಒತ್ತಿ ತಣ್ಣಗಾಗೋ ತನಕ ಹಾಗೇ ಹಿಡ್ಕೊಂಡೆ. ಎರಡು ಸಲಕ್ಕೆ ಸಂದಿ ಮುಚ್ಚಿತು.

ಇಂಕಿಗೆ ಮುಂಚೆ ನೀರು ತುಂಬಿಸಿ ರಾತ್ರಿಯಿಡೀ ನಿಬ್ಬು ಕೆಳಗೆ ಮಾಡಿ ಲೋಟದಲ್ಲಿಟ್ಟೆ. ಬೆಳಿಗ್ಗೆ ಥ್ರೆಡ್ ಹತ್ರ ಒಂದು ಹನಿ. ವ್ಯಾಸಲಿನ್ ಹಚ್ಚೋದು ರೂಢಿ, ಆದ್ರೆ ಅದು ರಬ್ಬರಿಗೆ ಆಗ್ಬರಲ್ಲ. ನೀರಿನ ಫಿಲ್ಟರ್ ರಿಪೇರಿಯೋರ ಹತ್ರ ಸಿಲಿಕಾನ್ ಗ್ರೀಸ್ ಇರತ್ತೆ, ವಾಷರ್‌ಗೆ ಹಚ್ಚೋದು, ಒಂದು ಚಿಟಿಕೆ ಇಸ್ಕೊಂಡು ಬಂದು ಥ್ರೆಡ್ಡಿಗೆ ತೆಳ್ಳಗೆ ಸವರಿದ್ಮೇಲೆ ಎರಡು ರಾತ್ರಿ ಒಂದು ಹನೀನೂ ಬರ್ಲಿಲ್ಲ. ಸಿರಿಂಜಲ್ಲಿ ಅಳೆದ್ರೆ 3 ಎಂಎಲ್ ಹತ್ರ ಹಿಡಿಯತ್ತೆ. ಇಂಥ ಪೆನ್ನಲ್ಲಿ ಇಂಕು ಕಾಲು ಭಾಗಕ್ಕೆ ಇಳಿದ ಮೇಲೆ ಕೈ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಇಂಕನ್ನ ದೂಡಿ ಕಾಗದದ ಮೇಲೆ ತೊಟ್ಟು ಬೀಳಿಸತ್ತೆ. ಅಪ್ಪನ ಕಿರ್ದೀಲೂ ಅಲ್ಲಲ್ಲಿ ಅಂಥ ನೀಲಿ ಕಲೆ ಇವೆ, ಎಲ್ಲ ಮಧ್ಯಾಹ್ನದ ನಂತರದ ಬಾಬ್ತುಗಳ ಹತ್ರಾನೇ, ಬೆಳಿಗ್ಗೆ ತುಂಬಿಸಿದ ಇಂಕು ಅಷ್ಟೊತ್ತಿಗೆ ಇಳಿದಿರ್ತಿತ್ತು ಅಂತ ಕಾಣತ್ತೆ. ನಾನು ಅರ್ಧಕ್ಕೆ ಬಂದ ಕೂಡ್ಲೇ ತುಂಬಿಸ್ತೀನಿ. ಈಗ ಕ್ಯಾಮ್ಲಿನ್ ರಾಯಲ್ ಬ್ಲೂ ಹಾಕಿದೀನಿ.

ಮೊದಲ ಸಲ ಬರೆದಿದ್ದು ಅದೇ ಕಿರ್ದಿಯ ಹಿಂದಿನ ಖಾಲಿ ಹಾಳೇಲಿ. 1936ರಲ್ಲಿ ಶುರುವಾದ ಭದ್ರಾವತಿ ಪೇಪರ್ ಮಿಲ್ಲಿನ ಕಾಗದ ಅಂತ ಅಪ್ಪ ಹೆಮ್ಮೆಯಿಂದ ತೋರಿಸ್ತಿದ್ರು. ಇಷ್ಟು ವರ್ಷ ಆದ್ರೂ ಇಂಕು ಹರಡ್ಲಿಲ್ಲ. ನಾನು ಹಿಡಿಯೋ ತರ ನೆಟ್ಟಗೆ ಹಿಡಿದ್ರೆ ನಿಬ್ಬು ಕೆರೀತಿತ್ತು, ಗೆರೆ ಕಡೀತಿತ್ತು. ಪೆನ್ನನ್ನ ಸ್ವಲ್ಪ ಎಡಕ್ಕೆ ಹೊರಳಿಸಿದೆ, ಹೆಬ್ಬೆರಳು ತಾನಾಗೇ ಆ ತಗ್ಗಿಗೆ ಹೋಗಿ ಕೂತಿತು, ಸವೆದ ಮಟ್ಟಸ ಕಾಗದಕ್ಕೆ ಪೂರ್ತಿ ತಾಗಿತು, ಆಮೇಲೆ ಸದ್ದೇ ಇಲ್ಲ, ಬೆಣ್ಣೆ ಮೇಲೆ ಎಳೆದ ಹಾಗೆ ಹೋಯ್ತು. ಏನು ಬರೀಬೇಕು ಅಂತ ತೋಚದೆ ಎದುರು ಪುಟದಲ್ಲಿ ಅಪ್ಪ ಬರೆದಿದ್ದ ಅಡಿಕೆ ತರಗಳ ಹೆಸರನ್ನೇ ನೋಡ್ಕೊಂಡು ಬರೆದೆ, ಸರಕು, ಬೆಟ್ಟೆ, ರಾಶಿ, ಗೊರಬಲು. ಕಾಫಿ ಕೊಡೋಕೆ ಬಂದ ಅಮ್ಮ ಎರಡೂ ಪುಟ ನೋಡಿ, “‘ಳ’ದ ಹಾಗೆ ‘ಲು’ ಬರೀತಿದ್ರು, ನೀನು ಹಾಗೆ ಬರೆದಿಲ್ಲ” ಅಂದ್ರು. ಹೌದು, ನಂದು ಬೇರೆ ತರ.

ಒಂದು ಕೆಲಸ ಬಾಕಿ ಇದೆ. ಕ್ಯಾಪಿನ ಬಾಯಲ್ಲಿ ಕೂದಲೆಳೆಯಂಥ ಒಂದು ಸೀಳು ಇದೆ, ಅದು ನಾನು ಮಾಡಿದ್ದಲ್ಲ, ಹಳೇದು. ಅದು ಮುಂದುವರೀಬಾರ್ದು ಅಂದ್ರೆ ಬಾಯಿಗೊಂದು ಬೆಳ್ಳಿ ಬಳೆ ಹಾಕಿ ಅರಗಲ್ಲಿ ಕೂರಿಸ್ಬೇಕು, ಅರಗು ಯಾಕಂದ್ರೆ ಮುಂದೆ ಯಾರಾದ್ರೂ ಬಿಚ್ಬೇಕು ಅಂದ್ರೆ ಸ್ವಲ್ಪ ಕಾಯಿಸಿದ್ರೆ ಬಿಡತ್ತೆ, ಸೂಪರ್ ಗ್ಲೂ ಬಿಡಲ್ಲ. ಆಚಾರ್ರು ಅರ್ಧ ಮಿಮೀ ತಗಡಲ್ಲಿ ಬಳೆ ಮಾಡಿ ಕೊಟ್ಟಿದಾರೆ, ಅಳತೆ ಸರಿಯಾಗಿದೆ. ಆದ್ರೆ ಈಗ ಹೊರಗೆ ಮಳೆ ಹಿಡ್ಕೊಂಡಿದೆ, ಗೋಡೆ ಎಲ್ಲ ಬೆವರ್ತಿದೆ, ಈ ತೇವದಲ್ಲಿ ಸ್ಪಿರಿಟಲ್ಲಿ ಕರಗಿಸಿದ ಅರಗು ಹಾಕಿದ್ರೆ ಬೆಳ್ಳಗೆ ಮಂಜು ಕಟ್ಟತ್ತೆ, ಬಡಗಿಗಳೂ ಮಳೆಗಾಲದಲ್ಲಿ ಪಾಲಿಶ್ ಕೆಲಸ ಹಿಡಿಯಲ್ಲ. ಬಳೇನ ಮುರಿದ ಬ್ಯಾರೆಲ್ ಜೊತೆ ಒಂದು ಹೋಮಿಯೋಪತಿ ಸೀಸೇಲಿ ಹಾಕಿಟ್ಟಿದೀನಿ. ದೀಪಾವಳಿ ಕಳೆದು ನಾಲ್ಕು ದಿನ ಗಟ್ಟಿ ಬಿಸಿಲು ಬಿದ್ಮೇಲೆ ಕೈ ಹಾಕ್ತೀನಿ.